ವಸ್ತಿ ಮುಗಿದ ಮೇಲೆ

ಕೊನೆಯ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಒಲೆಕಟ್ಟೆ ಒರೆಸಿ, ಮದರಬಿ ಹಿಟ್ಟಿನ ಕೈ ತೊಳೆದುಕೊಂಡಳು. ಹೊರಗೆ ದೀಪ ಹಚ್ಚುವ ಹೊತ್ತು ದಾಟಿತ್ತು. ಒಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಪಡಸಾಲೆಗೆ ಬಂದಳು. ಇನ್ನೊಂದು ಕೈಯಿಂದ ತಲೆಬಾಗಿಲ ಚಿಲಕ ಹಾಕುತ್ತ, ಒಳಗಿನ ಕೋಣೆಯ ಕಡೆ ಮುಖ ತಿರುಗಿಸಿ, ಓಣಿಗೆ ಕೇಳುವಷ್ಟು ಜೋರಾಗಿ ಕೂಗಿದಳು.

“ಏನ್ರೀ, ಹಿತ್ತಲ ಬಾಗಲಾ ಹಾಕೀರಿಲ್ಲೋ?”

“ಹಾಕೇನಿ,” ಎಂದು ಒಳಗಿನ ಕತ್ತಲೆಯಿಂದ ಗಂಡಸಿನ ದನಿ ಬಂತು.

ತಂಬಿಗೆ ಅವಳ ಕೈಯಿಂದ ಜಾರಿ ನೆಲದ ಮೇಲೆ ಉರುಳಿತು. ಮದರಬಿ ಬಾಗಿಲಿಗೆ ಬೆನ್ನು ಹಚ್ಚಿ ನಿಂತುಬಿಟ್ಟಳು. ಸದ್ದು ಕೇಳಿ ಓಡಿ ಬಂದ ಸೊಸೆ ನಾಜಮೀನ ನೋಡಿದಾಗ ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಒಳಗಿನಿಂದ ಎದ್ದು ಬಂದವನು ಬೇರೆ ಯಾರೂ ಅಲ್ಲ, ಮದರಬಿಯ ಗಂಡ ಯಮನೂರಸಾಬ. ತಾನು ಕೊಟ್ಟ ಒಂದು ಉತ್ತರಕ್ಕೆ ಹೆಂಡತಿ ಹೀಗೇಕೆ ನಡುಗಬೇಕು ಎಂಬುದು ತಿಳಿಯದೆ ಅವನೂ ನಿಂತ.

ಯಮನೂರಸಾಬ ಸರ್ಕಾರಿ ಬಸ್ಸಿನ ಡ್ರೈವರ್. ಅದೇ ವಾರ ಡಿಪೋದಲ್ಲಿ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು ನಿವೃತ್ತನಾಗಿದ್ದ. ಬಂದ ನೆಂಟರು ಹಿಂತಿರುಗಿದ ಮೇಲೆ ಅವನು ಮನೆಯಲ್ಲಿ ಕಳೆಯುತ್ತಿದ್ದ ಮೊದಲ ಸಂಜೆ ಅದು. ಅವನ ನೌಕರಿಯ ಬಹುಪಾಲು ಅಬ್ಬಿಗೇರಿಯ ವಸ್ತಿ ಗಾಡಿಯ ಮೇಲೆ ಕಳೆದಿತ್ತು. ಗಜೇಂದ್ರಗಡ ಬಿಟ್ಟು ನರೇಗಲ್ ಹಾದು ಅಬ್ಬಿಗೇರಿ ಮುಟ್ಟುವ ಕೊನೆಯ ಬಸ್ಸು ಅದು. ರಾತ್ರಿ ಅಲ್ಲೇ ನಿಂತು, ನಸುಕಿನಲ್ಲಿ ಕಾಲೇಜಿನ ಹುಡುಗರನ್ನೂ ಸಂತೆಗೆ ಹೋಗುವವರನ್ನೂ ಹತ್ತಿಸಿಕೊಂಡು ತಿರುಗಿ ಬರುತ್ತದೆ. ಡ್ರೈವರ್ ಮತ್ತು ಕಂಡಕ್ಟರ್ ಆ ಊರಲ್ಲೇ ಮಲಗಬೇಕು. ಯಮನೂರಸಾಬ ಹಗಲು ಮನೆಗೆ ಬಂದು, ಉಂಡು, ಒಂದು ನಿದ್ದೆ ತೆಗೆದು, ಸಂಜೆ ಮತ್ತೆ ಹೊರಡುತ್ತಿದ್ದ. ವಾರಕ್ಕೊಂದು ರಜೆಯ ರಾತ್ರಿ ಬಿಟ್ಟರೆ ಈ ಮನೆಯ ಕತ್ತಲೆ ಅವನಿಗೆ ಗೊತ್ತಿರಲಿಲ್ಲ.

“ಮಾವಾರ, ಅತ್ತಿ ಕೂಗಿದ್ದು ನಿಮಗಲ್ರಿ,” ಎಂದು ನಾಜಮೀನ ನೆಲ ಒರೆಸುತ್ತ ನಕ್ಕಳು. “ನಾ ಲಗ್ನಾಗಿ ಬಂದ ವಾರ ನಿಮ್ಮನ್ನ ಎಲ್ಲಾ ಕೋಣ್ಯಾಗ ಹುಡುಕೀನ್ರಿ.”

ಮದರಬಿ ಒಂದು ಗುಟುಕು ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹೇಳಿದ ಸಂಗತಿ ಸಣ್ಣದು. ಮಗ ಸಾಜೀದ ಮೊಲೆ ಕುಡಿಯುವ ಕೂಸಾಗಿದ್ದಾಗ ಒಂದು ರಾತ್ರಿ ಯಾರೋ ಬಾಗಿಲು ನೂಕಿದ್ದರು. ಮನೆಯಲ್ಲಿ ಗಂಡಸರಿಲ್ಲ ಎಂದು ತಿಳಿದೇ ಬಂದವರು. ಅವಳು ಕೂಸಿನ ಬಾಯಿಗೆ ಸೆರಗು ಒತ್ತಿ, ಬರಿಯ ಗೋಡೆಯ ಕಡೆ ತಿರುಗಿ, ‘ಏನ್ರೀ, ಎದ್ದ ನೋಡ್ರಿ ಬಾಗಲದಾಗ ಯಾರೋ ಬಂದಾರ’ ಎಂದು ಕೂಗಿದ್ದಳು. ಹೊರಗಿನ ಹೆಜ್ಜೆಗಳು ಸರಿದುಹೋದವು. ಮರುದಿನದಿಂದ ಬಾಗಿಲು ಹಾಕುವಾಗಲೆಲ್ಲ ಇಲ್ಲದ ಗಂಡನನ್ನು ಕರೆಯುವುದು ರೂಢಿಯಾಯಿತು. ಮೆಟ್ಟಿಲ ಮೇಲೆ ಅವನ ಹಳೆಯ ಚಪ್ಪಲಿಗಳನ್ನು ಇಡುವುದೂ ಆಗಲೇ ಶುರುವಾದದ್ದು. ಮಗ ದೊಡ್ಡವನಾಗಿ ಮೀಸೆ ಬಂದರೂ ಅವಳು ಬಿಡಲಿಲ್ಲ. ರಜೆಯ ರಾತ್ರಿ ಗಂಡ ಮನೆಯಲ್ಲಿದ್ದಾಗ ಮಾತ್ರ ಕೂಗುತ್ತಿರಲಿಲ್ಲವಾದ್ದರಿಂದ ಅವನ ಕಿವಿಗೆ ಅದು ಎಂದೂ ಬಿದ್ದಿರಲಿಲ್ಲ. ಇಂದು ಅವನು ಒಳಗಿದ್ದದ್ದು ಮರೆತು, ರೂಢಿಯಂತೆ ಕೂಗಿಬಿಟ್ಟಿದ್ದಳು.

“ನನಗ ಯಾಕ ಹೇಳಲಿಲ್ಲ ನೀನು?” ಎಂದು ಕೇಳಿದ.

“ಹೇಳಿದ್ರ ಹಗಲ ಡ್ಯೂಟಿ ತಗೋತಿದ್ರೇನು?”

ಹಿರಿತನ ಬಂದ ಮೇಲೆ ಡಿಪೋದಲ್ಲಿ ಡ್ಯೂಟಿ ಆರಿಸಿಕೊಳ್ಳುವ ಅವಕಾಶ ಸಿಗುತ್ತದೆ. ಪ್ರತಿ ಸಲವೂ ಅವನು ಅಬ್ಬಿಗೇರಿಯನ್ನೇ ಕೇಳಿ ಪಡೆದಿದ್ದ. ಆ ಊರಿನಲ್ಲಿ ಅವನು ‘ಡ್ರೈವರ್ ಸಾಹೇಬ’. ಬಸ್ಸು ಬಂದರೆ ನಾಲ್ಕು ಜನ ಎದ್ದು ನಿಲ್ಲುತ್ತಿದ್ದರು. ಈ ವಿಷಯ ಮದರಬಿಗೂ ಗೊತ್ತಿತ್ತು, ಡ್ರೈವರುಗಳ ಹೆಂಡಂದಿರಿಗೆಲ್ಲ ಇಂಥದ್ದು ಗೊತ್ತಿರುತ್ತದೆ. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಊಟಕ್ಕೆ ತಾಟು ಇಡಲು ಒಳಗೆ ಹೋದಳು. ಮೊದಲು ಮಗನಿಗೆ, ಸೊಸೆಗೆ, ತನಗೆ ಎಂದು ಇಟ್ಟಳು. ಆಮೇಲೆ ನೆನಪಾಗಿ ಇನ್ನೊಂದನ್ನು ತಂದಳು.

ಯಮನೂರಸಾಬನ ಮನಸ್ಸು ಅಂದಿನಿಂದ ಕೆಟ್ಟಿತು. ಎಷ್ಟೋ ವರ್ಷ ಎಂಜಿನ್ನಿನ ಒಂದೇ ಶಬ್ದಕ್ಕೆ ಒಗ್ಗಿದ ಕಿವಿಗೆ ಆ ಶಬ್ದ ನಿಂತುಹೋದರೆ ಮೌನವೇ ಗದ್ದಲವಾಗುತ್ತದೆ. ನಸುಕಿನಲ್ಲಿ ಎಚ್ಚರವಾದಾಗ ತಾನು ಯಾವ ಊರಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ. ಅಬ್ಬಿಗೇರಿಯ ಕಟ್ಟೆಯ ತಣ್ಣನೆಯ ಕಲ್ಲು ತಾಗೀತೆಂದು ಕೈ ಚಾಚುತ್ತಿದ್ದ. ಸುಣ್ಣದ ಗೋಡೆ ತಾಗುತ್ತಿತ್ತು. ಪಕ್ಕದಲ್ಲಿ ಮಲಗಿದ ಹೆಂಗಸು ಗೋಡೆಯ ಕಡೆ ಮೈ ಮುದುಡಿ, ಅರ್ಧಕ್ಕಿಂತ ಹೆಚ್ಚು ಹಾಸಿಗೆಯನ್ನು ಯಾರಿಗೋ ಬಿಟ್ಟುಕೊಟ್ಟವಳಂತೆ ಇರುತ್ತಿದ್ದಳು. ಆ ಜಾಗ ತನಗಾಗಿ ಬಿಟ್ಟದ್ದು ಎಂದು ಅವನಿಗೆ ಅನಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಹಿತ್ತಲಿನಿಂದ ಬರುವಾಗ ಅಡುಗೆಮನೆಯಲ್ಲಿ ಮಾತು ಕೇಳಿಸಿತು. ನಾಜಮೀನ ತವರಿಗೆ ಹೋಗಿದ್ದಳು, ಮಗ ಬಜಾರಿನ ತನ್ನ ಮೊಬೈಲ್ ಅಂಗಡಿಯಲ್ಲಿದ್ದ. ಅವನು ನಡುಮನೆಯ ಗೋಡೆಗೆ ಆತು ನಿಂತ. ಮದರಬಿ ಜೋಳ ಹಸನು ಮಾಡುತ್ತ ಯಾರ ಜೊತೆಗೋ ಮಾತಾಡುತ್ತಿದ್ದಳು. “ಈ ಸಲದ ಜ್ವಾಳ ಮೊದಲಿನಂಗ ಇಲ್ಲ ನೋಡ್ರಿ. ರೊಟ್ಟಿ ಹರೀತಾವು. … ಹ್ಞಾಂ, ನಾನೂ ಅದನ್ನ ಅಂದೆ. … ಸಾಜೀದ ಇತ್ತೀಚಿಗೆ ಭಾಳ ಸಣ್ಣಾಗ್ಯಾನ, ನೀವರ ಒಂದ ಮಾತ ಕೇಳ್ರಿ.” ನಡುನಡುವೆ ನಿಲ್ಲಿಸಿ, ಉತ್ತರ ಕೇಳಿಸಿಕೊಂಡವಳಂತೆ ಸಣ್ಣಗೆ ನಗುತ್ತಿದ್ದಳು.

ಯಮನೂರಸಾಬ ಇಣುಕಿ ನೋಡಿದ; ಅವಳ ಎದುರಿಗೆ ಯಾರೂ ಇರಲಿಲ್ಲ. ಅವಳ ಪಾಲಿಗೆ ಮಾತ್ರ ಆ ಅಡುಗೆಮನೆಯಲ್ಲಿ ಇನ್ನೊಬ್ಬ ಯಮನೂರಸಾಬ ಕುಳಿತಿದ್ದ. ಅವನು ವಯಸ್ಸಾಗದವನು. ಎಲ್ಲಿಗೂ ಹೋಗದವನು. ಜೋಳದ ಮಾತನ್ನೂ ಮಗನ ಮಾತನ್ನೂ ತಲೆಯಾಡಿಸಿ ಕೇಳುವವನು. ಈ ಹೆಂಗಸು ತನ್ನ ಸಂಸಾರ ಮಾಡಿದ್ದು ಅವನ ಜೊತೆ. ಸಂಬಳ ತಂದುಕೊಟ್ಟು ಉಂಡು ಮಲಗಿ ಎದ್ದು ಹೋಗುತ್ತಿದ್ದವನು ಯಾರೋ ಪರಿಚಯದ ಪರಕೀಯ. ಯಮನೂರಸಾಬ ಒಳಗೆ ಕಾಲಿಟ್ಟ ಕೂಡಲೇ ಅವಳ ಮಾತು ನಿಂತಿತು. “ಚಾ ಬೇಕೇನ್ರಿ?” ಎಂದು ಎದ್ದಳು. ಅಷ್ಟೇ.

ಅಂದು ಅವನು ನೋಡಿಬಿಟ್ಟನೆಂದು ಅವಳಿಗೆ ಗೊತ್ತಾಯಿತೇನೋ, ಮುಂದೆ ಆ ಮಾತೂ ನಿಂತಿತು. ಬಾಗಿಲು ಹಾಕುವಾಗ ಕೂಗುವುದು ಮೊದಲೇ ನಿಂತಿತ್ತು. ಮನೆ ಒಂದು ನಮೂನೆ ತಣ್ಣಗಾಯಿತು. ಮದರಬಿ ಯಾರನ್ನೋ ಮಣ್ಣು ಮಾಡಿ ಬಂದವಳಂತೆ ಮುಖ ಇಳಿಬಿಟ್ಟು ಓಡಾಡತೊಡಗಿದಳು. ರಾತ್ರಿ ಎರಡು ಸಲ ಎದ್ದು ಚಿಲಕ ಮುಟ್ಟಿ ನೋಡುತ್ತಿದ್ದಳು, ಗಂಡ ಮನೆಯಲ್ಲೇ ಇರುವಾಗ.

ಅವಳು ಪಿಂಜಾರರ ಮನೆಯ ಮಗಳು. ಅವಳ ಅಪ್ಪ ಊರೂರು ತಿರುಗಿ ಅರಳೆ ಹಿಂಜಿ ಗಾದಿ ಮಾಡಿಕೊಡುತ್ತಿದ್ದ. ಈಗ ಹಿಂಜುವ ಕೆಲಸ ಬಜಾರಿನ ಯಂತ್ರದ್ದು; ಅರಳೆ ತುಂಬಿ ಹೊಲಿಯುವುದು ಮಾತ್ರ ಕೈಕೆಲಸ. ಓಣಿಯ ಹೆಣ್ಣುಮಕ್ಕಳು ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ಸೇರಿ ಗಾದಿ, ಕೌದಿ ಹೊಲಿಯುತ್ತಿದ್ದರು. ಅತ್ತೆಯರ ಅಣಕ, ಗಂಡಂದಿರ ನಕಲು, ನಗು ಎಲ್ಲ ಅಲ್ಲೇ. ಯಮನೂರಸಾಬ ನಿವೃತ್ತನಾದ ಮೇಲೆ ಪಡಸಾಲೆಯ ಕುರ್ಚಿಯಲ್ಲಿ ಅವನಿರುತ್ತಿದ್ದ. ಬಂದವರು ಸೆರಗು ಸರಿಮಾಡಿಕೊಂಡು ಪಿಸುಗುಟ್ಟುತ್ತ ಹೊಲಿದರು. ಕೆಲವು ದಿನಗಳಲ್ಲಿ ಒಬ್ಬೊಬ್ಬರೇ ತಪ್ಪಿಸಿಕೊಂಡರು. ಅರ್ಧ ಹೊಲಿದ ಗಾದಿ ಮೂಲೆಯಲ್ಲಿ ಸುತ್ತಿಟ್ಟದ್ದು ಹಾಗೇ ಉಳಿಯಿತು.

ಒಂದು ಸಂಜೆ ಅವನು ಯಾರಿಗೂ ಹೇಳದೆ ನಿಲ್ದಾಣಕ್ಕೆ ಹೋಗಿ ಅಬ್ಬಿಗೇರಿ ಬಸ್ಸು ಹತ್ತಿದ. ಹೊಸ ಡ್ರೈವರ್ ದುರಗೇಶ ಸೀಟಿನಿಂದ ಅರ್ಧ ಎದ್ದು ಸಲಾಮು ಮಾಡಿದ. ಟಿಕೆಟ್ ಕೇಳಲು ಕಂಡಕ್ಟರ್ ನಾಚಿಕೊಂಡಾಗ ಯಮನೂರಸಾಬ ತಾನೇ ದುಡ್ಡು ತೆಗೆದುಕೊಟ್ಟು ಟಿಕೆಟ್ ತೆಗೆಸಿಕೊಂಡ. ನಿಯಮ ಎಂದರೆ ನಿಯಮ. ದಾರಿಯುದ್ದಕ್ಕೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಅಬ್ಬಿಗೇರಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಅಂದಾನಪ್ಪನ ಮನೆ. ಎರೆಹೊಲದ ಒಕ್ಕಲುತನದ ದೊಡ್ಡ ಮನೆ. ಹೊರಗೆ ಅಗಲವಾದ ಕಟ್ಟೆ. ಡ್ರೈವರನಿಗೆ ರಾತ್ರಿಯ ಊಟ ಆ ಮನೆಯಿಂದ, ನಿದ್ದೆ ಆ ಕಟ್ಟೆಯ ಮೇಲೆ. ಅಂದಾನಪ್ಪ ಅವನನ್ನು ನೋಡಿದ್ದೇ ನಕ್ಕು, “ಬರ್ರಿ ಸಾಹೇಬ್ರ, ಗಾಡಿ ನಿಮ್ಮನ್ನ ಬಿಟ್ಟ್ರೂ ನೀವ ಗಾಡೀನ ಬಿಡಂಗ ಕಾಣಂಗಿಲ್ಲ,” ಎಂದ. ಊಟ ಬಂತು. ಹೊಸ ಡ್ರೈವರನ ವೇಳೆಯ ಬಗ್ಗೆ ನಾಲ್ಕು ಜನ ದೂರು ಹೇಳಿದರು, ಇವನ ಕೈಯಲ್ಲಿ ಇನ್ನೂ ಏನೋ ಅಧಿಕಾರ ಇದೆ ಎಂಬಂತೆ. ಅಂದು ಯಮನೂರಸಾಬನಿಗೆ ಬಹಳ ದಿನಗಳ ಮೇಲೆ ಗಾಢ ನಿದ್ದೆ ಬಂತು.

ಮೊದಲು ವಾರಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ, ಕೊನೆಗೆ ದಿನವೂ ಹೋಗತೊಡಗಿದ. ಸಂಜೆ ಹೊರಡುವುದು, ಬೆಳಿಗ್ಗೆ ಬರುವುದು, ಉಂಡು ಮಲಗುವುದು. ಮನೆಯವರು ತಡೆಯಲಿಲ್ಲ. ಒಂದು ದಿನ ನಾಜಮೀನ ಚಹಾ ಕೊಡುತ್ತ, ಏನೂ ಕಪಟವಿಲ್ಲದೆ, “ಅತ್ತಿ ಈಗ ಮೊದಲಿನಂಗ ಆಗ್ಯಾರ ನೋಡ್ರಿ ಮಾವಾರ. ರಾತ್ರಿ ಚಲೋ ನಿದ್ದಿ ಮಾಡತಾರ. ಹೊಲಿಯಾಕ ಎಲ್ಲಾರೂ ಬರಾಕತ್ತಾರ,” ಎಂದಳು. ಸಂಜೆ ಅವನು ಹೊರಟು ಓಣಿಯ ತಿರುವು ಮುಟ್ಟುವಷ್ಟರಲ್ಲಿ ಹಿಂದಿನಿಂದ ಮದರಬಿಯ ದನಿ ಕೇಳಿಸಿತು, ‘ಏನ್ರೀ, ಹಿತ್ತಲ ಬಾಗಲಾ…’ ಎಂದು. ಆ ದನಿ ಎಷ್ಟು ಸಲೀಸಾಗಿತ್ತೆಂದರೆ ಅವನಿಗೆ ತಿರುಗಿ ನೋಡಲು ಹೆದರಿಕೆಯಾಯಿತು. ತಿರುಗಿದರೆ ಬಾಗಿಲಲ್ಲಿ ತಾನೇ ನಿಂತಿರುವುದು ಕಂಡೀತು.

ಅಬ್ಬಿಗೇರಿಯಲ್ಲಿ ಮಾತ್ರ ಎಲ್ಲ ಮೊದಲಿನಂತೆ ಇತ್ತೇ? ಇರಲಿಲ್ಲ. ದೂರು ಹೇಳುವವರು ಕಡಿಮೆಯಾದರು. ದುರಗೇಶನಿಗೇ ನೇರವಾಗಿ ಹೇಳಿದರೆ ಕೆಲಸವಾಗುತ್ತದೆ ಎಂದು ಅವರಿಗೆ ತಿಳಿದಿತ್ತು. ಕಟ್ಟೆಯ ಮೇಲೆ ಮೊದಲ ಜಾಗ ದುರಗೇಶನದಾಯಿತು. ಯಮನೂರಸಾಬ ಅಂಚಿಗೆ ಸರಿದ. ಅಂದಾನಪ್ಪ ಇದನ್ನು ಗಮನಿಸಿ, ಕಡಲೆ ತುಂಬಿಡಲು ಹೊಸದಾಗಿ ಕಟ್ಟಿಸಿದ ಗೋದಾಮಿನ ಪಕ್ಕ ಒಂದು ಕೋಣೆ ಇದೆ, ಅಲ್ಲೇ ಇದ್ದುಕೊಂಡು ನೋಡಿಕೊಳ್ಳಬಹುದು ಎಂದ. ಕರುಣೆಯಿಂದಲೋ ಅಗತ್ಯದಿಂದಲೋ ಯಮನೂರಸಾಬ ಬಗೆಹರಿಸಿಕೊಳ್ಳಲು ಹೋಗಲಿಲ್ಲ. ಬರುತ್ತೇನೆ, ಹಾಸಿಗೆ ತರುತ್ತೇನೆ ಎಂದು ಹೇಳಿ ಬಂದ.

ಮನೆಗೆ ಬಂದಾಗ ಮದರಬಿ ಗಾದಿಯ ಅಂಚು ಹೊಲಿಯುತ್ತಿದ್ದಳು. ಅವನು ಎದುರಿಗೆ ಕುಳಿತು ಗೋದಾಮಿನ ಕೋಣೆಯಲ್ಲಿ ಇರಲು ಹೋಗುವ ವಿಷಯ ಹೇಳಿದ. ಪಿಂಚಣಿಯ ದುಡ್ಡು ಇಲ್ಲೇ ಬರುತ್ತದೆ, ಹಬ್ಬಹುಣ್ಣಿಮೆಗೆ ತಾನೂ ಬರುತ್ತೇನೆ ಎಂದೆಲ್ಲ ವಿವರಿಸಿದ.

“ನಾ ಮನ್ಯಾಗ ಇದ್ರ ನಿನಗ ನಿದ್ದಿಲ್ಲ, ಮಂದಿ ಬರಂಗಿಲ್ಲ. ನಾ ಇಲ್ಲದಾಗ ಎಲ್ಲಾ ಸರಿ ಇರತೈತಿ. ಸತ್ತಾಂವ ತಿರುಗಿ ಬಂದ್ರ ಹ್ಯಾಂಗೋ ಹಂಗ ಆಗೇನಿ ನಾನು,” ಎಂದ ಕೊನೆಗೆ.

ಮದರಬಿ ಸೂಜಿ ನಿಲ್ಲಿಸಿದಳು. “ನಾ ಯಾವತ್ತರ ಹೋಗ್ರಿ ಅಂದೇನೇನು?”

“ಇರ್ರಿ ಅಂತೂ ಅಂದಿಲ್ಲ.”

“ಬರ್ರಿ ಅಂದಾಗ ನೀವ ಬರಲಿಲ್ಲ. ಇರ್ರಿ ಅನ್ನೂದು ನನಗ ಮರ್ತ ಹೋಗೇತ್ರಿ.” ಅವಳು ದಾರ ಕಚ್ಚಿ ಹರಿದಳು. “ಇವತ್ತ ಸಂಜೀಕ ಹೊಂಟೀರೇನು? ನಾನೂ ಬರತೇನಿ. ನನ್ನ ಗಂಡ ಇಷ್ಟ ವರ್ಷ ಎಲ್ಲಿ ಮಲಗತಿದ್ರು ಅಂತ ಒಮ್ಮಿ ನೋಡಿ ಬರತೇನಿ.”

ಅವನು ಓಡಿಸಿದ ಬಸ್ಸಿನಲ್ಲಿ ಅವಳು ಎಂದೂ ಅಬ್ಬಿಗೇರಿಗೆ ಹೋಗಿರಲಿಲ್ಲ. ಅಂದು ಮುಂದಿನ ಬಾಗಿಲಿನಿಂದ ಹತ್ತಿ, ಆಧಾರ ಕಾರ್ಡು ತೋರಿಸಿ, ಹೆಣ್ಣುಮಕ್ಕಳಿಗೆ ಕೊಡುವ ಬಿಟ್ಟಿ ಟಿಕೆಟ್ ತೆಗೆದುಕೊಂಡು ಕಿಟಕಿಯ ಪಕ್ಕ ಕುಳಿತಳು. ಯಮನೂರಸಾಬ ಹಾಸಿಗೆಯ ಸುರುಳಿ ಹಿಡಿದು ಎಂದಿನಂತೆ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮಬ್ಬಿನಲ್ಲಿ ನಿಧಾನವಾಗಿ ತಿರುಗುತ್ತಿದ್ದವು. ನರೇಗಲ್ ದಾಟಿದ ಮೇಲೆ ಎರಡೂ ಕಡೆ ಕಪ್ಪು ಹೊಲ, ಕಪ್ಪು ಆಕಾಶ. ಬಸ್ಸಿನ ದೀಪ ಬಿದ್ದಷ್ಟೇ ರಸ್ತೆ. ದಿನವೂ ಇಂಥ ಕತ್ತಲೆಯ ಈ ತುದಿಯಲ್ಲಿ ಅವನು, ಆ ತುದಿಯಲ್ಲಿ ತಾನು ಎಂದು ಮದರಬಿಗೆ ಅನಿಸಿರಬೇಕು. ಅವಳು ಕಿಟಕಿಯ ಸರಳು ಬಿಡಲಿಲ್ಲ.

ಅಬ್ಬಿಗೇರಿಯಲ್ಲಿ ಇಳಿದಾಗ ಅಂದಾನಪ್ಪನ ಹೆಂಡತಿ ಹೊನ್ನವ್ವ ಬಾಗಿಲಿಗೆ ಬಂದಳು. ಬಂದವಳು ಡ್ರೈವರನ ಹೆಂಡತಿ ಎಂದು ತಿಳಿದದ್ದೇ ಅವಳ ಮುಖ ಅರಳಿತು. ಹಳೆಯ ಗೆಳತಿಯನ್ನು ಕಂಡವಳಂತೆ ಮದರಬಿಯ ಕೈ ಹಿಡಿದು ಒಳಗೆ ಕರೆದೊಯ್ದಳು. ಯಮನೂರಸಾಬ ಏನೋ ಹೇಳಲು ಬಾಯಿ ತೆರೆದ, ತಡವಾಗಿತ್ತು.

“ಬರ್ರಿ ಯವ್ವಾ, ಮಾರಿ ನೋಡದಿದ್ರೂ ನಿಮ್ಮ ಮನಸ ನಮಗ ಗೊತ್ತೈತ್ರಿ. ನೀವ ಕಳಸತಿದ್ದ ಗುರೆಳ್ಳ ಹಿಂಡಿ ಇಲ್ಲಂದ್ರ ನಮ್ಮನ್ಯಾಗ ಯಾರೂ ಉಣತಿದ್ದಿಲ್ಲ,” ಎಂದಳು ಹೊನ್ನವ್ವ.

ಮದರಬಿ ಜನ್ಮದಲ್ಲಿ ಗುರೆಳ್ಳು ಕುಟ್ಟಿ ಚಟ್ನಿಪುಡಿ ಮಾಡಿದವಳಲ್ಲ. ಅವಳ ಮನೆಯಲ್ಲಿ ಆಗುವುದು ಶೇಂಗಾ ಹಿಂಡಿ. ಅವಳು ಬಾಗಿಲಾಚೆ ಕಟ್ಟೆಯ ಮೇಲೆ ತಲೆತಗ್ಗಿಸಿ ಕುಳಿತ ಗಂಡನನ್ನು ನೋಡಿದಳು. ಸಣ್ಣಗೆ ತಲೆಯಾಡಿಸಿದಳು.

ಆಮೇಲೆ ಹೊನ್ನವ್ವ ಹೇಳುತ್ತ ಹೋದಳು. ತನ್ನ ಮಗಳು ಪೂಜಾ ಕಾಲೇಜು ಮುಗಿಸಿದ್ದು ಡ್ರೈವರನ ಮನೆಯವಳ ದಯೆಯಿಂದ. ಹುಡುಗಿಯರು ಓಡಿ ಬರುವುದು ಕಂಡರೆ ಗಾಡಿ ಬಿಡಬೇಡ ಎಂದು ಮನೆಯಲ್ಲಿ ತಾಕೀತು ಮಾಡಿದ್ದಾಳೆಂದು ಯಮನೂರಸಾಬ ಹೇಳುತ್ತಿದ್ದ. ಎಷ್ಟು ತಡವಾದರೂ ನಿಲ್ಲಿಸುತ್ತಿದ್ದ. ಮಳೆಗಾಲದಲ್ಲಿ ಕಟ್ಟೆಯ ಮೇಲೆ ನಡುಗುತ್ತ ಕುಳಿತಾಗ ‘ನಮ್ಮಾಕಿ ಈಗ ಶುಂಠಿ ಚಾ ಮಾಡಿರತಾಳ’ ಎನ್ನುತ್ತಿದ್ದ. ಯಾವುದೋ ಜಗಳ ಬಗೆಹರಿಸುವಾಗ ‘ನಮ್ಮಾಕಿ ಇಂಥದ್ದಕ್ಕ ಹಿಂಗ ಅಂತಾಳ’ ಎಂದು ನ್ಯಾಯ ಹೇಳುತ್ತಿದ್ದ. ಮಾತು ಕೇಳಿ ನೆರೆಮನೆಯ ಹೆಂಗಸರೂ ಸೇರಿದರು. ಒಬ್ಬಳು ತನ್ನ ಗಂಡ ಕುಡಿಯುವುದನ್ನು ಬಿಟ್ಟದ್ದು ಡ್ರೈವರನ ಮೂಲಕ ಮದರಬಿ ಹೇಳಿಕಳಿಸಿದ ಒಂದು ಮಾತಿನಿಂದ ಎಂದಳು.

ಮದರಬಿ ಒಂದನ್ನೂ ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ರೊಟ್ಟಿಯ ತಾಟು ಮುಂದಿಟ್ಟುಕೊಂಡು ಕೇಳುತ್ತ ಕುಳಿತಳು. ಈ ಊರಿನಲ್ಲಿ ಇಷ್ಟು ವರ್ಷ ಒಬ್ಬ ಮದರಬಿ ಬಾಳಿದ್ದಾಳೆ. ಅವಳಿಗೆ ಹಿಂಡಿ ಕುಟ್ಟಲು ಬರುತ್ತದೆ, ನ್ಯಾಯ ಹೇಳಲು ಬರುತ್ತದೆ, ಗಂಡ ಅವಳ ಮಾತು ಮೀರುವುದಿಲ್ಲ. ಮನೆಯ ಮಾತು ಬಂದಾಗ ಹೇಳಲು ಗಂಡನ ಬಳಿ ಏನೂ ಇರಲಿಲ್ಲ; ಹಗಲು ಮಲಗಿ ಎದ್ದು ಹೋಗುವವನಿಗೆ ಹೆಂಡತಿಯ ಬಗ್ಗೆ ತಿಳಿದದ್ದೆಷ್ಟು? ಇಲ್ಲದ್ದನ್ನು ಅವನು ಕಟ್ಟಿಕೊಂಡಿದ್ದ. ತಾನು ಗೋಡೆಯ ಕಡೆ ತಿರುಗಿ ಕಟ್ಟಿಕೊಂಡ ಹಾಗೆಯೇ.

ಹೊನ್ನವ್ವ ಅವಳಿಗೆ ಒಳಗೆ ಹಾಸಿಕೊಟ್ಟಳು. ಯಮನೂರಸಾಬ ಹೊರಗೆ ಕಟ್ಟೆಯ ಅಂಚಿನಲ್ಲಿ ಮಲಗಿದ. ಅಂದು ಅವನಿಗೆ ಅಬ್ಬಿಗೇರಿಯಲ್ಲೂ ನಿದ್ದೆ ಬರಲಿಲ್ಲ.

ನಸುಕಿನಲ್ಲಿ ದುರಗೇಶ ಎಂಜಿನ್ ಚಾಲೂ ಮಾಡಿದ. ಮದರಬಿ ಹೊನ್ನವ್ವನಿಗೆ ಹೇಳಿ ಬಂದು, ಕಟ್ಟೆಯನ್ನು, ಅದರ ಮೇಲಿನ ಸವೆದ ಕಲ್ಲನ್ನು ಒಂದು ಸಲ ಕೈಯಿಂದ ಮುಟ್ಟಿ ನೋಡಿದಳು. ಹಾಸಿಗೆಯ ಬಗ್ಗೆ, ಕೋಣೆಯ ಬಗ್ಗೆ ಏನೂ ಕೇಳಲಿಲ್ಲ. ಹೋಗಿ ಬಸ್ಸಿನಲ್ಲಿ ಕುಳಿತಳು. ಅಂದಾನಪ್ಪ ಕೀಲಿಕೈ ಹಿಡಿದು ಬಂದು, ಹಾಸಿಗೆ ಗೋದಾಮಿನ ಕೋಣೆಯಲ್ಲಿ ಇಡಿಸಲೇ ಎಂದು ಕೇಳಿದ.

ಯಮನೂರಸಾಬ ಕಿಟಕಿಯ ಕಡೆ ನೋಡಿದ. ಅವಳು ಮುಂದೆ ನೋಡುತ್ತಿದ್ದಳು. ಎಂಜಿನ್ನಿನ ಸದ್ದಿನ ಮೇಲಿಂದಲೇ ಗಾಡಿ ಬಿಡಲು ಎಷ್ಟು ಹೊತ್ತಿದೆ ಎಂದು ಹೇಳಬಲ್ಲವನು ಅವನು. ಹೆಚ್ಚು ಹೊತ್ತಿರಲಿಲ್ಲ.

“ಬ್ಯಾಡ್ರಿ ಅಂದಾನಪ್ಪಾರ,” ಎಂದ. “ನಾ ಇನ್ನೂ ನಮ್ಮನಿ ನೋಡಿಲ್ಲ. ಅದನ್ನ ಒಮ್ಮಿ ನೋಡಿ ಬರತೇನಿ.”

ಹಾಸಿಗೆಯನ್ನು ತಾನೇ ಹೊತ್ತು ಹತ್ತಿದ. ಡ್ರೈವರನ ಹಿಂದಿನ ಸೀಟು ಖಾಲಿ ಇತ್ತು. ಅದನ್ನು ದಾಟಿ ಮದರಬಿಯ ಪಕ್ಕಕ್ಕೆ ಬಂದು ನಿಂತ. ಅವಳು ಕಿಟಕಿಗೆ ಸರಿದು ಜಾಗ ಬಿಟ್ಟಳು. ಬಸ್ಸು ಊರು ದಾಟಿತು.

“ಅಕಿ ಚಲೋ ಹೆಂಗಸ ಕಾಣಸ್ತಾಳ್ರಿ,” ಎಂದಳು ಮದರಬಿ.

“ಯಾರು?”

“ನಿಮ್ಮ ಅಬ್ಬಿಗೇರಿ ಮದರಬಿ.”

ಅವ‌ನ ಕಿವಿಗಳು ಬಿಸಿಯಾದವು. “ನಿನ್ನ ಮನ್ಯಾಗಿದ್ದಾಂವ ಏನ ಕಡಿಮಿ ಇದ್ದನೇನು?”

“ಕಡಿಮಿ ಇದ್ದಿಲ್ಲ ಬಿಡ್ರಿ. ನಾ ಹೇಳೂದು ಮುಗಿಯೂತನಕ ಎದ್ದ ಹೋಗತಿದ್ದಿಲ್ಲ.”

“ಏನ ಹೇಳತಿದ್ದಿ ಅವಗ?”

ಅವಳು ಮುಂದಿನ ಸೀಟಿನ ಸರಳನ್ನು ಉಗುರಿನಿಂದ ಕೆರೆಯುತ್ತ ಕುಳಿತಳು. ಆಮೇಲೆ ಸಣ್ಣ ದನಿಯಲ್ಲಿ ಶುರುಮಾಡಿದಳು. ಸಾಜೀದನಿಗೆ ಬಾಲ್ಯದಲ್ಲಿ ಬಂದ ಜ್ವರ, ಅವಳು ಒಬ್ಬಳೇ ಅವನನ್ನು ಹೊತ್ತು ದವಾಖಾನೆಗೆ ಓಡಿದ ಮಳೆಯ ರಾತ್ರಿ, ಗೋಡೆ ಬಿರುಕು ಬಿಟ್ಟದ್ದು, ಅಪ್ಪ ಸಾಯುವ ಮುಂಚೆ ಹಿಂಜುವ ಬಿಲ್ಲನ್ನು ಅವಳ ಕೈಗೆ ಕೊಟ್ಟದ್ದು. ಅವನಿಗೆ ಗೊತ್ತಿದ್ದ ಸಂಗತಿಗಳು ಕೆಲವು, ಗೊತ್ತಿರದವು ಬಹಳ. ಅವನ ನಾಲಿಗೆಯ ತುದಿಗೆ ಸಮಜಾಯಿಷಿಗಳು ಬಂದವು. ಡ್ಯೂಟಿ, ಸಾಹೇಬರು, ರಜೆ. ಒಂದನ್ನೂ ಹೊರಗೆ ಬಿಡಲಿಲ್ಲ. ಕತ್ತಲೆಯ ಹೊಲಗಳು ಮೆಲ್ಲಗೆ ಬೂದುಬಣ್ಣಕ್ಕೆ ತಿರುಗುತ್ತಿದ್ದವು.

“ಹೊಲಿಯಾಕ ಬರೂ ಮಂದೀನ ಬಿಡಸಬ್ಯಾಡ,” ಎಂದ ಅವಳು ನಿಲ್ಲಿಸಿದ ಮೇಲೆ. “ನಾ ಹೊರಗಿನ ಕಟ್ಟಿ ಮ್ಯಾಲ ಕುಂದರತೇನಿ.”

“ಹೊರಗ ಯಾಕ? ಸೂಜಿಗೆ ದಾರಾ ಪೋಣಸಾಕ ನಮಗ್ಯಾರಿಗೂ ಕಣ್ಣ ಕಾಣಂಗಿಲ್ಲ.”

“ನನಗೂ ಹತ್ತರದ್ದ ಕಾಣಂಗಿಲ್ಲ. ದೂರದ್ದ ಅಷ್ಟ ಕಾಣತೈತಿ.”

“ಅದು ಗೊತ್ತೈತಿ ಬಿಡ್ರಿ,” ಎಂದಳು ಮದರಬಿ. ಅವಳ ತುಟಿಯಂಚಿನಲ್ಲಿ ನಗು ಬಂದುಹೋಯಿತು. “ಚಸ್ಮಾ ಮಾಡಸೂನು. ಹೊನ್ನವ್ವಕ್ಕ ಎರಡ ಗಾದಿ ಕೇಳ್ಯಾಳ. ಅಲ್ಲೇ ಕುಂತ ಹೊಲದ ಕೊಟ್ಟ ಬರಬೇಕು, ಇಬ್ಬರೂ ಹೋಗೂನು.”

ನರೇಗಲ್ ಬಂತು. ಸಂತೆಯ ದಿನ. ಬಂಡಿಗಳು, ಬುಟ್ಟಿ ಹೊತ್ತ ಹೆಂಗಸರು, ತಾಡಪಾಲು ಕಟ್ಟುತ್ತಿದ್ದವರು ಮಬ್ಬು ಬೆಳಕಿನಲ್ಲಿ ಸೇರತೊಡಗಿದ್ದರು. ಬಸ್ಸು ನಿಂತಾಗ ಮದರಬಿ ಗಂಡನ ಕಡೆ ತಿರುಗಿದಳು.

“ಆ ಗುರೆಳ್ಳ ಹಿಂಡಿ ಎಲ್ಲಿ ತಗೋತಿದ್ರಿ?”

“ಇಲ್ಲೇ,” ಎಂದ ಅವನು ನೆಲ ನೋಡುತ್ತ. “ಸಂತ್ಯಾಗ. ಒಬ್ಬಾಕಿ ಮುದುಕಿ ಮಾರತಿದ್ಲು.”

“ಇಳೀರಿ. ನಾ ಮಾಡಿದ್ದು ಹ್ಯಾಂಗಿತ್ತಂತ ನಾನೂ ಒಮ್ಮಿ ನೋಡತೇನಿ.”

ಹಾಸಿಗೆಯ ಸುರುಳಿಯನ್ನು ಹೆಗಲಿಗೇರಿಸಿ ಅವನು ಮುಂದೆ, ಅವಳು ಹಿಂದೆ, ಆಮೇಲೆ ಜನ ಕಡಿಮೆಯಾದಲ್ಲಿ ಇಬ್ಬರೂ ಜೊತೆಯಾಗಿ ಸಂತೆಯೊಳಗೆ ನಡೆದರು. ಮುದುಕಿ ಇನ್ನೂ ಇದ್ದಳು. ಆಗತಾನೆ ಗೋಣಿ ಹಾಸಿ ಡಬ್ಬಿಗಳನ್ನು ತೆರೆಯುತ್ತಿದ್ದಳು. ಯಮನೂರಸಾಬ ಹೆಂಡತಿಯನ್ನು ತೋರಿಸಿ, “ಇಕಿ ನಮ್ಮಾಕಿ,” ಎಂದ. ಆ ಮಾತು ಆಡಿ ರೂಢಿಯಿದ್ದ ಬಾಯಿಗೆ, ಅವಳು ಎದುರಿಗೇ ನಿಂತಿರುವಾಗ ಅದು ತೊಡರಿತು.

ಮುದುಕಿ ಒಂದು ಚಿಟಿಕೆ ಹಿಂಡಿಯನ್ನು ಮದರಬಿಯ ಅಂಗೈಗೆ ಹಾಕಿದಳು. ಅವಳು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಸಾವಕಾಶ ರುಚಿ ನೋಡಿದಳು.

“ಖಾರ ಮುಂದ ಆಗೇತಿ,” ಎಂದಳು. “ನಾ ಆದ್ರ ಹಿಂಗ ಮಾಡಂಗಿಲ್ಲ.”

“ಹ್ಯಾಂಗ ಮಾಡತಿ?” ಎಂದು ಯಮನೂರಸಾಬ ಕೇಳಿದ.

ಅವಳು ಅವನ ಮುಖ ನೋಡಿದಳು, ಈ ಪ್ರಶ್ನೆ ಯಾರು ಕೇಳಿದರೆಂದು ಖಾತ್ರಿ ಮಾಡಿಕೊಳ್ಳುವವಳಂತೆ. ನಿಲ್ದಾಣದ ಕಡೆಯಿಂದ ದುರಗೇಶ ಹಾರ್ನು ಬಾರಿಸಿದ, ಇನ್ನೊಮ್ಮೆ ಬಾರಿಸಿದ, ಗೇರು ಬದಲಾಯಿಸಿದ ಸದ್ದು ಕೇಳಿತು, ಬಸ್ಸು ಗಜೇಂದ್ರಗಡದ ದಾರಿ ಹಿಡಿಯಿತು. ಯಮನೂರಸಾಬ ತಲೆಯೆತ್ತಲಿಲ್ಲ. ಹಾಸಿಗೆಯನ್ನು ಹೆಗಲಿನಿಂದ ಇಳಿಸಿ ಕಾಲ ಬಳಿ ಇಟ್ಟುಕೊಂಡು ಕಾಯುತ್ತ ನಿಂತ.

“ಮೊದಲ ಹುರೀಬೇಕ್ರಿ,” ಎಂದು ಮದರಬಿ ಶುರುಮಾಡಿದಳು, “ಸಣ್ಣ ಉರಿ ಮ್ಯಾಲ…”